ಹೆಸರು ತೆಗೆ

ಕಲ್ಯಾಣ
6 ಅಕ್ಟೋಬರ್ 2025

ಶ್ರೀವಾಣಿ,

ಕೊಡುತ್ತೇವೆ ಎಂದದ್ದು ಇಷ್ಟು. ವರ್ಷ ತುಂಬಿದ ಮೇಲೆ ಖಾಯಂ ಕೆಲಸದ ಪತ್ರ. ರಾತ್ರಿ ಪಾಳಿಯವರಿಗೆ ಘಣಸೋಲಿ ಸ್ಟೇಷನ್ನಿನವರೆಗೆ ಗಾಡಿ. ಕೆಲಸ ಬಿಡಿಸುವುದಾದರೆ ಒಂದು ತಿಂಗಳು ಮೊದಲು ತಿಳಿಸುವುದು. ಕಂಪ್ಯೂಟರ್ ಆಟದ ಕೊನೆಯಲ್ಲಿ ತೆರೆಯ ಮೇಲೆ ಉರುಳುವ ಪಟ್ಟಿಯಲ್ಲಿ ನಮ್ಮ ಹನ್ನೊಂದು ಜನರ ಹೆಸರು.

ಕೊಟ್ಟದ್ದು ಇಷ್ಟು. ಪತ್ರ ಇಲ್ಲ. ಗಾಡಿ ಹದಿನೈದು ದಿನ ಬಂತು, ನಿಂತಿತು. ಒಂದು ತಿಂಗಳ ಬದಲು ಒಂದು ಶುಕ್ರವಾರ: ಚಹಾ ಕುಡಿದು ಬಂದ ನಮ್ಮ ಪಾಸಿಗೆ ಬಾಗಿಲು ತೆರೆಯಲಿಲ್ಲ, ನಮ್ಮ ಊಟದ ಡಬ್ಬಿಗಳನ್ನು ವಾಚ್‌ಮನ್ ಗೋಣಿಚೀಲದಲ್ಲಿ ತಂದು ಮೆಟ್ಟಿಲ ಮೇಲೆ ಸುರಿದ. ಹೆಸರುಗಳ ಜಾಗದಲ್ಲಿ ‘ಹೊರಗಿನ ನೆರವು’ ಎಂಬ ಎರಡು ಪದ. ಎರಡು ವರ್ಷ ಆ ಆಟದ ಒಂದೊಂದು ಗೋಡೆಗೂ ಹಣೆ ಹೊಡೆದುಕೊಂಡು ಎಲ್ಲಿ ಬಿರುಕಿದೆ ಎಂದು ಹುಡುಕಿದವರು ನಾವು. ನಾವು ಹೊರಗಿನವರು!

ನಿನಗೆ ಗೊತ್ತಿರುವುದೇ. ಆದರೂ ಬರೆದಿಡುತ್ತೇನೆ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ ಎಂದು ಇದೇ ಕಂಪನಿ ಕಲಿಸಿದೆ.

ಒಳಗಿನವರಿಗೆ ಫೋನು, ಮೆಸೇಜು, ಮೇಲ್ ಮಾಡಿದರೆ ಕೋರ್ಟಿಗೆ ಎಳೆಯುತ್ತೇವೆ ಎಂದು ಸಹಿ ಹಾಕಿಸಿಕೊಂಡಿದ್ದಾರೆ. ಕೈಬರಹದ ಕಾಗದ ಆ ಪಟ್ಟಿಯಲ್ಲಿಲ್ಲ. ಕಾಗದ ಬರೆಯುವ ಜನ ಇನ್ನೂ ಇದ್ದಾರೆಂದು ಅವರ ವಕೀಲರಿಗೆ ಹೊಳೆದಿಲ್ಲ. ಕನ್ನಡದಲ್ಲಿ ಬರೆದರೆ ಮಹಾಪೆಯ ಆಫೀಸಿನ ಆ ಎಂಟನೇ ಮಹಡಿಯಲ್ಲಿ ಓದುವವಳು ನೀನೊಬ್ಬಳೇ. ನಿಮ್ಮ ಮ್ಯಾನೇಜರ್ ಪ್ರಥಮನಿಗೆ ಮನೆಯಲ್ಲಿ ಕೇಳಿದ ಕನ್ನಡ ಅರ್ಥವಾಗುತ್ತದೆ, ಅಕ್ಷರ ಬಾರದು. ನಮ್ಮ ಭಾಷೆಯೇ ನಮ್ಮ ಬೀಗ. ಡೊಂಬಿವ್ಲಿಯಲ್ಲಿ ನಿನ್ನ ಮುರಾರಿ ಮಾವನ ಹೋಟೆಲಿನ ಗಲ್ಲೆಯ ಮೇಲೆ ಇಟ್ಟುಬರುತ್ತೇನೆ.

ಕೇಳುವುದು ಒಂದೇ. ಹನ್ನೆರಡನೇ ಮಗ್ಗದ ಕೋಣೆ ಇನ್ನೂ ಇದೆಯೇ?

ನಮ್ಮ ಆಟ ‘ಖಾಡಿ’ಯನ್ನು ಆಡುವವರು ಮುಚ್ಚಿಹೋದ ಮಗ್ಗದೂರನ್ನೆಲ್ಲ ಅಲೆದು, ಬಾಗಿಲುಗಳ ಒಗಟು ಬಿಡಿಸಿ, ಕೊನೆಗೆ ದಕ್ಕೆಗೆ ಬಂದು ದೋಣಿ ಹತ್ತುತ್ತಾರೆ. ಹಿಂದೆ ಊರು ಸಮುದ್ರದ ಭರತದಲ್ಲಿ ಮುಳುಗುತ್ತದೆ. ಅಲ್ಲಿಗೆ ಆಟ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿದಿಲ್ಲ ಎಂದು ಗೊತ್ತಿರುವುದು ನಮಗಿಬ್ಬರಿಗೆ, ಒಗಟು ಹೇಳಿದ ನನಗೆ, ಗುಟ್ಟಾಗಿ ಕೋಣೆ ಕಟ್ಟಿದ ನಿನಗೆ. ದೋಣಿಗೆ ಬೆನ್ನು ಹಾಕಿ ತಿರುಗಿ ಬರಬೇಕು. ಹನ್ನೆರಡನೇ ಕೋಣೆಯ ಮಣೆಯ ಮೇಲೆ ಕೂರಬೇಕು. ಮಡಕೆಯಿಂದ ಒಂದು ಗುಟುಕು ನೀರು ಕುಡಿಯಬೇಕು. ಆಗ ಮಗ್ಗ ತಾನೇ ನಡೆಯುತ್ತದೆ, ಬಟ್ಟೆ ಬಿಚ್ಚಿಕೊಳ್ಳುತ್ತದೆ, ಬಟ್ಟೆಯಲ್ಲಿ ಕನ್ನಡದಲ್ಲಿ ಹನ್ನೊಂದು ಹೆಸರು. ಅಷ್ಟರಲ್ಲಿ ದೋಣಿ ಹೋಗಿರುತ್ತದೆ. ಹೆಸರು ಓದಿದವನಿಗೆ ದಡವಿಲ್ಲ. ನೀರು ಪಾದಕ್ಕೆ ಬರುತ್ತದೆ, ಮಗ್ಗ ನಡೆಯುತ್ತಲೇ ಇರುತ್ತದೆ.

ಆ ಒಗಟು ನನ್ನದಲ್ಲ, ಅವ್ವನದು. ಪಾಸು ಮರೆತು ಅರ್ಧ ದಾರಿಯಿಂದ ತಿರುಗಿ ಬಂದಾಗಲೆಲ್ಲ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ: “ತಿರುಗಿ ಬಂದವ್ರು ಹಂಗ ಹೋಗಬಾರ್ದವ್ವ. ಕೂಡು. ಒಂದ್ ಗುಟುಕ ನೀರ ಕುಡದು ಹೋಗು.” ಎಷ್ಟು ಫಾಸ್ಟ್ ಲೋಕಲ್ ತಪ್ಪಿಸಿದಳೋ!

ಭಿವಂಡಿಯಲ್ಲಿ ಇಪ್ಪತ್ತಾರು ವರ್ಷ ಮಗ್ಗದ ಕಂಡಿಕೆಗೆ ನೂಲು ಸುತ್ತಿದವಳು ನನ್ನವ್ವ ಈರವ್ವ. ಬಟ್ಟೆಯ ಥಾನಿನ ಮೇಲೆ ಸೇಠನ ಮುದ್ರೆ ಬಿತ್ತು, ಅವಳ ಹೆಸರು ಬೀಳಲಿಲ್ಲ. ನನಗೆ ಈ ಕೆಲಸ ಸಿಕ್ಕ ದಿನ “ಮನೆತನದ ಹೆಸರ ತಗದಿ ನೋಡವ್ವಾ” ಎಂದು ವಠಾರಕ್ಕೆ, ಇಡೀ ಚಾಳಿಗೆ ಕೇಳುವಂತೆ ಕೂಗಿದ್ದಳು. ಆಟ ನವೆಂಬರ್ ಹದಿನಾಲ್ಕಕ್ಕೆ ಬರುತ್ತದೆ. ಅವಳಿಗೆ ನಾನು ಆ ಬಟ್ಟೆ ತೋರಿಸಬೇಕು.

ಕೋಣೆ ಇದೆಯೋ ಇಲ್ಲವೋ? ಅಷ್ಟು ಬರೆ.

ಕಾಂಚನಾ


ಐರೋಲಿ
10 ಅಕ್ಟೋಬರ್ 2025

ಕಾಂಚನಕ್ಕನಿಗೆ ನಮಸ್ಕಾರ.

ಕೋಣೆ ಇದೆ. ಮೊದಲು ಅದನ್ನೇ ಬರೆದುಬಿಡುತ್ತೇನೆ, ನೀವು ಉಸಿರು ಬಿಡಿ.

ಮಾವ ನಿಮ್ಮ ಲಕೋಟೆ ಕೊಡುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಎಂತ ಮಾರಾಯ್ತಿ, ಮೊಬೈಲ್ ಇರುವಾಗ ಕಾಗದ? ಯಾರಾದ್ರೂ ಹುಡುಗನಾ?” “ಅಲ್ಲ ಮಾವ, ಕಾಂಚನಕ್ಕ.” “ಹಾಗಾದ್ರೆ ಇನ್ನೂ ಡೇಂಜರು!” ನಿಮ್ಮ ಕಾಗದಕ್ಕೆ ಸಾಂಬಾರಿನ ವಾಸನೆ ಹತ್ತಿತ್ತು. ಅದನ್ನು ಚೂಡಿದಾರಿನ ಒಳಜೇಬಿನಲ್ಲಿ ಇಟ್ಟುಕೊಂಡು ಠಾಣೆಯಲ್ಲಿ ಗಾಡಿ ಬದಲಿಸುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ಇಲ್ಲಿ ಈಗ ಹೊಸ ತಪಾಸಣೆ. ಆಟದಲ್ಲಿ ಎಲ್ಲೆಲ್ಲಿ ಬರಹ ಇದೆಯೋ ಅದೆಲ್ಲದರ ಪಟ್ಟಿ ಮಾಡಿ, ಅರ್ಥ ಬರೆದು, ನಾನು ಸಹಿ ಹಾಕಬೇಕು. ಮೊನ್ನೆ ಆ ಬಟ್ಟೆ ತೆರೆಯ ಮೇಲಿರುವಾಗಲೇ ಪ್ರಥಮ್ ಸರ್ ಬೆನ್ನ ಹಿಂದೆ ಬಂದು ನಿಂತರು. ಮೌಸಿನ ಮೇಲೆ ನನ್ನ ಕೈ ಒದ್ದೆಯಾಯಿತು. “ಅರೇ, ಯೇ ಬಾರ್ಡರ್ ಮಸ್ತ್ ಹೈ” ಎಂದು ಹೋದರು. ಅವರ ಕಣ್ಣಿಗೆ ನಮ್ಮ ಅಕ್ಷರ ಸೀರೆಯ ದಡಿಯ ಬಳ್ಳಿ. ನಾನು ಪಟ್ಟಿಯಲ್ಲಿ ಇನ್ನೂ ಅದನ್ನು ಬರೆದಿಲ್ಲ. ಬರೆದರೆ ಅರ್ಥ ಬರೆಯಬೇಕು. ಬರೆಯದೆ ಸಹಿ ಹಾಕಿದರೆ ಸುಳ್ಳು ಸಹಿ. ಏನು ಮಾಡಲಿ?

ನನಗೆ ಬೇರೆ ತೊಂದರೆ ಏನಿಲ್ಲ. ನನ್ನನ್ನು ಯಾರೂ ಏನೂ ಕೇಳಿಲ್ಲ.

ಶ್ರೀವಾಣಿ


ಕಲ್ಯಾಣ
14 ಅಕ್ಟೋಬರ್ 2025

ಶ್ರೀವಾಣಿ,

‘ಏನು ಮಾಡಲಿ’ ಎಂದು ಕೇಳಿದ್ದೀಯ. ಕೋಪ ಬಂತು. ಆಮೇಲೆ ನಿನ್ನ ಒದ್ದೆ ಕೈ ನೆನಪಾಯಿತು, ಕೋಪ ಇಳಿಯಿತು.

ಇಲ್ಲಿನ ಸಂಗತಿ ಕೇಳು. ನಮ್ಮ ಪೂನಂಗೆ ವಕೀಲರ ನೋಟೀಸು ಬಂದಿದೆ. ಅವಳು ಮಾಡಿದ ಅಪರಾಧ, ಫೋನಿನ ಸ್ಟೇಟಸ್ಸಿನಲ್ಲಿ ‘ಎರಡು ವರ್ಷ ಈ ಆಟಕ್ಕೆ ದುಡಿದೆ’ ಎಂದು ಒಂದು ಸಾಲು ಹಾಕಿದ್ದು. ಭಾನುವಾರ ಹನ್ನೊಂದೂ ಜನ ನಮ್ಮ ಮನೆಯಲ್ಲಿ ಸೇರಿದೆವು, ಒಂದು ಕೋಣೆ, ಒಂದು ಫ್ಯಾನು. ಪೂನಂ ಅತ್ತಳು. “ದೀದಿ, ಮೇರಾ ನಾಮ್ ಕಹೀಂ ಮತ್ ಡಾಲೋ, ನನ್ನ ಹೆಸರು ಎಲ್ಲೂ ಬೇಡ, ಐರೋಲಿಯಲ್ಲಿ ಇಂಟರ್‌ವ್ಯೂ ಇದೆ” ಎಂದಳು. ಇನ್ನಿಬ್ಬರು ತಲೆ ತಗ್ಗಿಸಿದರು. ಭಯ ನೆಗಡಿಯ ಹಾಗೆ, ಒಬ್ಬರು ಸೀನಿದರೆ ಸಾಕು.

ಅವ್ವ ಚಹಾ ಸೋಸುತ್ತ ಎಲ್ಲ ಕೇಳಿಸಿಕೊಂಡಳು. ಅವರು ಹೋದ ಮೇಲೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ಆ ಉಡುಪಿ ಹುಡಿಗಿಗಿ ಬರಿ. ಈ ಹನ್ನೊಂದ್ ಮಂದಿ ಹೆಸರ ತಗಿಯವ್ವ ಅಂತ ಬರಿ. ಆಕಿ ಕೈಯಾಗ ಐತಿ.”

ನಾನೂ ಅದನ್ನೇ ಕೇಳುತ್ತೇನೆ. ಉದ್ದುದ್ದ ಬರೆಯುವುದಿಲ್ಲ. ನಮ್ಮ ಹೆಸರು ತೆಗೆ, ಶ್ರೀವಾಣಿ. ಹೆದರಬೇಡ. ನಿನ್ನಿಂದ ಬೇರೇನೂ ಬೇಡ.

ಕಾಂಚನಾ


ಐರೋಲಿ
24 ಅಕ್ಟೋಬರ್ 2025

ಕಾಂಚನಕ್ಕ,

ಹತ್ತು ದಿನ ಉತ್ತರ ಬರೆಯಲಿಲ್ಲ. ದೀಪಾವಳಿ ಎಂದು ನೆಪ ಹೇಳಬಹುದು. ಹೇಳುವುದಿಲ್ಲ.

ನೀವು ಹೇಳಿದಂತೆ ತೆಗೆದೆ. ಬುಧವಾರ ಸಂಜೆ ಕೆಲಸ ಮುಗಿಸಿದೆ, ನಿನ್ನೆ ಪಟ್ಟಿಗೆ ಸಹಿ ಹಾಕಿದೆ. ಯಾರಿಗೂ ಸಂಶಯ ಬಂದಿಲ್ಲ. ಪೂನಂಗೆ ಹೇಳಿ, ಇನ್ನು ಹೆದರುವುದು ಬೇಡ ಅಂತ.

ಅಮ್ಮನಿಗೆ ನಮಸ್ಕಾರ ತಿಳಿಸಿ. ಅವರು ಇಷ್ಟು ದೊಡ್ಡ ಮನಸ್ಸಿನವರು ಎಂದು ಗೊತ್ತಿರಲಿಲ್ಲ.

ಶ್ರೀವಾಣಿ


ಕಲ್ಯಾಣ
27 ಅಕ್ಟೋಬರ್ 2025

ನನ್ನ ಹುಲಿಯೇ,

ತೆಗೆದೆಯಾ! ಅವರ ಮೂಗಿನ ಕೆಳಗೆ ಸಹಿ ಹಾಕಿ ತೆಗೆದೆಯಾ! ಕಾಗದ ಓದಿ ಹೋಟೆಲಿನಲ್ಲೇ ಕೂಗಿಬಿಟ್ಟೆ, ಮುರಾರಿ ಮಾವ ಓಡಿಬಂದು “ದೋಸೆಯಲ್ಲಿ ಎಂತ ಸಿಕ್ಕಿತು?” ಎಂದು ಕೇಳಿದರು.

ಪೂನಂ ಇನ್ನೂ ನಡುಗುತ್ತಿದ್ದಾಳೆ. ನಡುಗಲಿ, ಹೆಸರು ನೋಡಿದ ದಿನ ನಿಂತೀತು. ಅವ್ವನಿಗೆ ಹೇಳಿದೆ. ಹೊಸ ಚಾಳೀಸು ಮಾಡಿಸಿಕೊಂಡಿದ್ದಾಳೆ, ತೆರೆಯ ಮೇಲೆ ಓದಲಿಕ್ಕೆ. ನನ್ನ ಹೆಸರಿನ ಅಕ್ಷರ ಬೆರಳಿನಿಂದ ಗಾಳಿಯಲ್ಲಿ ಬರೆದು ಅಭ್ಯಾಸ ಮಾಡುತ್ತಾಳೆ. ಹದಿನಾಲ್ಕನೇ ತಾರೀಖಿಗೆ ಚಾಳಿನ ಹೆಂಗಸರಿಗೆಲ್ಲ ಬರಹೇಳಿದ್ದಾಳೆ.

ನಿನಗೆ ಶೇಂಗಾ ಹೋಳಿಗೆ ಕಳಿಸಿದ್ದಾಳೆ. ಈ ಸಾಲನ್ನು ಹೋಟೆಲಿನಲ್ಲೇ ಕೂತು ಸೇರಿಸುತ್ತಿದ್ದೇನೆ: ಗಲ್ಲೆಯ ಮೇಲೆ ಇಟ್ಟಾಗ ನಿನ್ನ ಮಾವ, “ನಮ್ಮ ಹೋಟೆಲಿಗೆ ಹೊರಗಿನ ತಿಂಡಿ ತಂದವಳು ನೀನೇ ಮೊದಲು” ಎಂದು ಗದರಿ ಎರಡು ಎತ್ತಿಕೊಂಡರು. ನಾಲ್ಕು ಉಳಿದಿರಬೇಕು. ಎಣಿಸು.

ನಿನ್ನ ಬಗ್ಗೆ ಒಂದು ಸಂಶಯ ಇತ್ತು, ಹೇಳಿಬಿಡುತ್ತೇನೆ. ಖಾಯಂ ನೌಕರಿಯವಳು, ಗುತ್ತಿಗೆಯವರ ಪರ ಎಷ್ಟು ದೂರ ಬಂದಾಳು ಎಂದುಕೊಂಡಿದ್ದೆ. ತಪ್ಪಾಯಿತು.

ಕಾಂಚನಾ


ಐರೋಲಿ
3 ನವೆಂಬರ್ 2025

ಕಾಂಚನಕ್ಕ,

ಹೋಳಿಗೆ ಸಿಕ್ಕಿತು. ಮೂರೇ ಇತ್ತು.

ಬಿಲ್ಡಿಗೆ, ಆಟದ ಕೊನೆಯ ಪ್ರತಿಗೆ, ಬೀಗ ಬಿದ್ದಿದೆ. ಇನ್ನು ಹದಿನಾಲ್ಕರವರೆಗೆ ಯಾರೂ ಏನೂ ಮುಟ್ಟುವಂತಿಲ್ಲ.

ಅಮ್ಮ ಚಾಳಿನವರನ್ನು ಕರೆಯುವುದು ಬೇಡ ಅನ್ನಿಸುತ್ತದೆ. ಮೊದಲು ನೀವೊಬ್ಬರೇ ಆಡಿ ನೋಡಿ. ಒಂದು ಮಾತು ಕೇಳಬೇಕೆಂದಿದ್ದೆ. ಇರಲಿ.

ಶ್ರೀವಾಣಿ


ಕಲ್ಯಾಣ
15 ನವೆಂಬರ್ 2025

ಶ್ರೀವಾಣಿ ಮೇಡಂ ಅವರಿಗೆ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ನೌಕರಿಯೂ ಕ್ಷೇಮವಿರಬೇಕು.

ನಿನ್ನೆ ಮಧ್ಯಾಹ್ನ ನಮ್ಮ ಮನೆಯಲ್ಲಿ ಹದಿನಾಲ್ಕು ಹೆಂಗಸರಿದ್ದರು. ಪಕ್ಕದ ಮನೆಯ ಜಯಲತಾ ಮಾವಶಿ ಕೇರಂ ಬೋರ್ಡಿನ ಮೇಲೆ ಕೂತಿದ್ದರು, ಬೇರೆ ಜಾಗ ಇರಲಿಲ್ಲ. ಚಾಳಿನವರನ್ನು ಕರೆಯುವುದು ಬೇಡ ಎಂಬ ತಮ್ಮ ಮಾತು ಅವ್ವನಿಗೆ ಹೇಳಿರಲಿಲ್ಲ. ಅದು ಸಂಕೋಚದ ಮಾತು ಎಂದುಕೊಂಡಿದ್ದೆ. ಎರಡೂವರೆ ತಾಸು ಆಡಿದೆ. ದೋಣಿ ಬಂತು. ಎಲ್ಲರೂ ‘ಹತ್ತು, ಹತ್ತು’ ಎಂದರು. ನಾನು ಬೆನ್ನು ಹಾಕಿದೆ. ಕೋಣೆಗೆ ಹೋದೆ, ಕೂತೆ, ನೀರು ಕುಡಿದೆ. ಅವ್ವ ಚಾಳೀಸು ಸರಿಮಾಡಿಕೊಂಡು ತೆರೆಗೆ ಮುಖ ತಾಗುವಷ್ಟು ಹತ್ತಿರ ಬಂದಳು.

ಮಗ್ಗ ನಡೆಯಿತು. ಬಟ್ಟೆ ಬಿಚ್ಚಿತು. ಕೆಂಪು ದಡಿ, ದಡಿಯೊಳಗೆ ಹನ್ನೊಂದು ಪಟ್ಟೆ. ಹನ್ನೊಂದೂ ಖಾಲಿ. ಬಿಳಿ.

ಅವ್ವ ಏನು ಮಾಡಿದಳು ಗೊತ್ತೇ ತಮಗೆ? ಚಾಳೀಸು ತೆಗೆದು ಸೆರಗಿನಿಂದ ಒರೆಸಿಕೊಂಡಳು. ಮತ್ತೆ ಹಾಕಿಕೊಂಡಳು. “ಅಕ್ಷರ ಭಾಳ ಸಣ್ಣ ಅದಾವೇನವ್ವಾ? ನನ್ನ ಕಣ್ಣಿಗಿ ಕಾಣವಲ್ದು. ನೀನ ಓದು.”

ನಾನು ಓದಿದೆ. ಖಾಲಿ ಬಟ್ಟೆಯ ಮೇಲೆ ಬೆರಳಿಟ್ಟು ಹನ್ನೊಂದೂ ಹೆಸರು ಓದಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ನೀರು ಪಾದಕ್ಕೆ ಬಂತು.

ತಮ್ಮ ಕಾಗದ ನನ್ನ ಬಳಿ ಇದೆ. ‘ನೀವು ಹೇಳಿದಂತೆ ತೆಗೆದೆ’ ಎಂದು ತಮ್ಮದೇ ಕೈಬರಹ. ಸುಳ್ಳನ್ನು ಇಷ್ಟು ದುಂಡಗೆ ಬರೆಯುವುದು ಎಲ್ಲಿ ಕಲಿತಿರಿ? ಸೇಠನು ಮುದ್ರೆ ಹೊಡೆಯುತ್ತಾನೆ, ಅದು ಅವನ ಜಾತಿಗುಣ. ನಮ್ಮ ಜೊತೆ ಉಂಡವರು ಬಟ್ಟೆ ಒಗೆದು ಬಿಳಿ ಮಾಡಿ ಕೊಟ್ಟರಲ್ಲ, ಇದಕ್ಕೆ ಏನೆನ್ನಬೇಕು?

ಉತ್ತರ ಬೇಡ.

ಕಾಂಚನಾ


ಐರೋಲಿ
19 ನವೆಂಬರ್ 2025

ಕಾಂಚನಕ್ಕ,

ಬೇಡವೆಂದರೂ ಬರೆಯುತ್ತೇನೆ. ಓದದಿದ್ದರೂ ಇಟ್ಟುಕೊಳ್ಳಿ. ಬರೆದಿಡಬೇಕು ಎಂದು ನೀವೇ ಹೇಳಿದ್ದೀರಿ.

ನಿಮ್ಮ ಅಕ್ಟೋಬರ್ ಹದಿನಾಲ್ಕನೇ ತಾರೀಖಿನ ಕಾಗದ ನನ್ನ ಮುಂದಿದೆ. ‘ನಮ್ಮ ಹೆಸರು ತೆಗೆ, ಶ್ರೀವಾಣಿ. ಹೆದರಬೇಡ.’ ನಮ್ಮ ಕಡೆ ಹೆಸರು ತೆಗೆ ಎಂದರೆ ಅಳಿಸು, ತೆಗೆದುಹಾಕು. ರೇಷನ್ ಕಾರ್ಡಿನಿಂದ ತೆಗೆದ ಹಾಗೆ. ಮೇಲೆಯೇ ಪೂನಂ ಅತ್ತದ್ದು ಬರೆದಿದ್ದೀರಿ, ಕೆಳಗೇ ಇದು. ನೀವೆಲ್ಲ ಕೂಡಿ ಹೆದರಿ ಬೇಡವೆಂದಿರಿ ಎಂದು ತಿಳಿದೆ. ನಿಮ್ಮಲ್ಲಿ ಅದರರ್ಥ ಹೆಸರನ್ನು ಮೇಲೆ ಎತ್ತು, ನಾಲ್ಕು ಜನ ಹೇಳುವ ಹಾಗೆ ಮಾಡು. ಅದೇ ಅರ್ಥದ ‘ನಾವ್ ಕಾಢ್’ ಎಂದು ಮರಾಠಿಯಲ್ಲಿ ಬರೆದಿದ್ದರೆ ಆ ಕ್ಷಣವೇ ತಿಳಿಯುತ್ತಿತ್ತು. ನೀವು ಬೀಗವೆಂದು ಕನ್ನಡದಲ್ಲಿ ಬರೆದಿರಿ. ಬೀಗ ನಮ್ಮಿಬ್ಬರ ಮಧ್ಯೆಯೇ ಬಿತ್ತು.

ಇಷ್ಟಕ್ಕೆ ನಿಲ್ಲಿಸಿದರೆ ತಪ್ಪು ಭಾಷೆಯದಾಗುತ್ತದೆ. ನಿಲ್ಲಿಸುವುದಿಲ್ಲ.

ನಿಮ್ಮ ಮೊದಲ ಕಾಗದದಲ್ಲೇ ಅಮ್ಮನ ಮಾತಿತ್ತು, ಮನೆತನದ ಹೆಸರ ತಗದಿ ಅಂತ. ಅವತ್ತು ನನಗೆ ಅರ್ಥವಾಗಿತ್ತು, ನಕ್ಕಿದ್ದೆ. ಎಂಟು ದಿನದ ಮೇಲೆ ಅದೇ ಮಾತು ಅರ್ಥವಾಗಲಿಲ್ಲ. ಯಾಕೆ? ಅಕ್ಟೋಬರ್ ಒಂಬತ್ತಕ್ಕೆ ಪ್ರಥಮ್ ಸರ್ ನನ್ನನ್ನು ಗಾಜಿನ ಕೋಣೆಗೆ ಕರೆದಿದ್ದರು. ಪಟ್ಟಿ ಸ್ವಚ್ಛವಾಗಿ ಮುಗಿದರೆ ನೀನೇ ಟೀಮಿನ ಲೀಡ್ ಎಂದಿದ್ದರು. ನಿಮಗೆ ‘ಯಾರೂ ಏನೂ ಕೇಳಿಲ್ಲ’ ಎಂದು ಬರೆದೆ. ಆಮೇಲೆ ನಿಮ್ಮ ಸಾಲು ಓದಿದಾಗ ಎದೆ ಹಗುರವಾಯಿತು. ಹಗುರವಾದದ್ದಕ್ಕೇ ಇನ್ನೊಮ್ಮೆ ಓದಲಿಲ್ಲ. ಕೇಳಬಹುದಿತ್ತು. ಕೇಳಿದರೆ ನೀವು ಬೇರೆ ಅರ್ಥ ಹೇಳುತ್ತೀರಿ ಎಂದು ಒಳಗೆಲ್ಲೋ ಗೊತ್ತಿತ್ತು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಹೋಳಿಗೆಯ ಜೊತೆ ಬಂದ ಕಾಗದ ಇಪ್ಪತ್ತೆಂಟಕ್ಕೆ ಕೈಸೇರಿತು. ಅದರಲ್ಲಿ ಚಾಳೀಸಿನ ಮಾತು ಓದಿದ ಕೂಡಲೇ ಎಲ್ಲ ತಿಳಿಯಿತು. ಬಿಲ್ಡಿಗೆ ಬೀಗ ಬಿದ್ದದ್ದು ಮೂವತ್ತೊಂದಕ್ಕೆ. ನಡುವೆ ಮೂರು ದಿನ ಇತ್ತು, ಅಕ್ಕ. ಹೆಸರುಗಳ ಫೈಲು ನನ್ನ ಹತ್ತಿರವೇ ಇತ್ತು. ಮತ್ತೆ ಹಾಕಲು ಹತ್ತು ನಿಮಿಷ. ಹಾಕಲಿಲ್ಲ. ಮೂರು ದಿನ ಬೆಳಿಗ್ಗೆ ಗೇಟಿನ ತನಕ ‘ಇವತ್ತು ಹಾಕುತ್ತೇನೆ’ ಎಂದುಕೊಂಡು ಹೋದೆ, ಪಾಸು ತೋರಿಸಿದೆ, ಬಾಗಿಲು ತೆರೆಯಿತು, ಒಳಗೆ ಹೋದ ಮೇಲೆ ಹಾಕಲಿಲ್ಲ.

ಹನ್ನೊಂದು ಪಟ್ಟೆಗಳನ್ನು ಮಾತ್ರ ಅಳಿಸಲು ಕೈ ಬರಲಿಲ್ಲ. ಅವು ಹಾಗೇ ಉಳಿದವು.

ಈಗ ಅವೇ ಮಾತಾಡುತ್ತಿವೆ. ಮೂರನೇ ದಿನ ಬೆಳಗಾವಿಯ ಒಬ್ಬ ಹುಡುಗಿ ಕೋಣೆ ಹುಡುಕಿದಳು. “ನಮ್ಮಜ್ಜಿ ಹಿಂಗ ಕೂಡಸ್ತಿದ್ಲು” ಎಂದು ವಿಡಿಯೋ ಹಾಕಿದ್ದಾಳೆ. ಸಾವಿರಾರು ಜನ ನೋಡಿ ಕೇಳುತ್ತಿದ್ದಾರೆ: ದೋಣಿ ಬಿಟ್ಟು ಬಂದವನಿಗೆ ಖಾಲಿ ಬಟ್ಟೆ ಯಾಕೆ? ಹನ್ನೊಂದೇ ಯಾಕೆ? ಒಬ್ಬ ಹನ್ನೊಂದು ತಿಂಗಳ ಬರ ಎನ್ನುತ್ತಾನೆ, ಇನ್ನೊಬ್ಬ ಹನ್ನೊಂದು ಜನ್ಮ. ಪ್ರಥಮ್ ಸರ್ ಕುಣಿಯುತ್ತಿದ್ದಾರೆ: “ಮಿಸ್ಟರಿ ಚಲ್ ರಹೀ ಹೈ, ಚಲ್ನೇ ದೋ.” ಒಗಟು ಓಡುತ್ತಿದೆ, ಓಡಲಿ ಅಂತ. ಆ ಖಾಲಿ ಬಟ್ಟೆಯ ಚಿತ್ರದ ಟೀಶರ್ಟ್ ಮಾಡಿಸುತ್ತಾರಂತೆ.

ನನ್ನನ್ನು ಲೀಡ್ ಮಾಡಿದ್ದಾರೆ. ಗಾಜಿನ ಕೋಣೆಯಲ್ಲಿ ಕೂತಿದ್ದೇನೆ. ನೀರು ಎಲ್ಲಿಯವರೆಗೆ ಬಂದಿದೆ ಎಂದು ನನಗೇ ಕಾಣುತ್ತದೆ.

ಶ್ರೀವಾಣಿ


ಕಲ್ಯಾಣ
28 ನವೆಂಬರ್ 2025

ಶ್ರೀವಾಣಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಹರಿಯಲು ಹೊರಟೆ. ಅವ್ವ ಕೈ ಹಿಡಿದಳು.

ಅವಳಿಗೆ ಎಲ್ಲ ಹೇಳಿದೆ. ಬಟ್ಟೆ ಖಾಲಿ ಇತ್ತು, ನಿನ್ನ ಕಣ್ಣು ಸರಿಯಿದೆ ಎಂದೆ. “ನನಗ ಅವತ್ತ ಗೊತ್ತಾತು” ಎಂದಳು. “ಅಕ್ಷರ ಇದ್ದಿದ್ರ ನೀ ಅಷ್ಟ ಜೋರಾಗಿ ಓದತಿದ್ದಿಲ್ಲ.” ಆಮೇಲೆ ‘ಹೆಸರು ತೆಗೆ’ ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು. ನಕ್ಕು ಕಣ್ಣು ಒರೆಸಿಕೊಂಡಳು. ಯಾವುದಕ್ಕೆ ಒರೆಸಿಕೊಂಡಳೋ ನಾನು ಕೇಳಲಿಲ್ಲ.

ಆ ಮಾತಿನ ತಪ್ಪಿನಲ್ಲಿ ನನ್ನದೂ ಪಾಲಿದೆ. ಉಡುಪಿಯವಳಿಗೆ ವಿಜಯಪುರದ ಮಾತು ಬರೆದೆ. ‘ತೆಗೆದೆ’ ಎಂದು ನೀನು ಬರೆದಾಗ ಏನು ತೆಗೆದೆ ಎಂದು ನಾನೂ ಕೇಳಲಿಲ್ಲ. ಸಂತೋಷವೂ ಭಯದಷ್ಟೇ ಕುರುಡು. ಪೂನಂ ಬೇಡವೆಂದು ಅತ್ತಾಗ ಅದನ್ನೂ ಕೇಳಿಸಿಕೊಳ್ಳಲಿಲ್ಲ. ಅದಕ್ಕೆ ಅವಳ ಕ್ಷಮೆ ಕೇಳಿದ್ದೇನೆ. ಆದರೆ ಆ ಮೂರು ದಿನ ನಿನ್ನವು. ಅದರಲ್ಲಿ ನಾನು ಪಾಲು ಕೇಳುವುದಿಲ್ಲ, ಮಾಫಿಯನ್ನೂ ಕೊಡುವುದಿಲ್ಲ.

ಟೀಶರ್ಟಿನ ಸುದ್ದಿ ಓದಿ ಮೈ ಉರಿಯಿತು. ನಮ್ಮ ದುಡಿಮೆ ಮಾರಿದರು, ಸರಿ. ಈಗ ನಾವು ಇಲ್ಲದಿರುವುದನ್ನೂ ಮಾರುತ್ತಿದ್ದಾರೆ! ಖಾಲಿ ಬಟ್ಟೆ ಯಾಕೆ ಎಂದು ಊರೆಲ್ಲ ಕೇಳುತ್ತಿದೆಯಲ್ಲ, ಉತ್ತರ ಆಟದೊಳಗೆ ಎಷ್ಟು ಹುಡುಕಿದರೂ ಸಿಗದು. ಉತ್ತರಕ್ಕೆ ಕೈಕಾಲುಗಳಿವೆ. ನಡೆದು ಬರುತ್ತದೆ.

ಹತ್ತು ಜನ ಬರುತ್ತೇವೆ. ಪೂನಂ ಬರುವುದಿಲ್ಲ; ಐರೋಲಿಯಲ್ಲಿ ಕೆಲಸ ಸಿಕ್ಕಿದೆ, ಅವಳನ್ನು ಯಾರೂ ಬೈಯಕೂಡದು ಎಂದು ಠರಾವು ಮಾಡಿದ್ದೇವೆ. ಅವ್ವ ಭಿವಂಡಿಯಿಂದ ಬಿಳಿ ಥಾನು ತರಿಸಿ ಪಟ್ಟೆ ಕತ್ತರಿಸಿದ್ದಾಳೆ. ಒಂದೊಂದರ ಮೇಲೂ ಒಂದು ಹೆಸರು, ಕೆಂಪು ದಾರದಲ್ಲಿ, ತಾನೇ ಹೊಲಿದದ್ದು. ಕಾಂಚನಾ ಎನ್ನುವಲ್ಲಿ ಸೊನ್ನೆ ಮರೆತಿದ್ದಾಳೆ. ಸರಿ ಮಾಡುವುದು ಬೇಡ ಎಂದೆ. ಪೂನಂ ಪಟ್ಟೆ ಖಾಲಿಯಾಗಿಯೇ ಬರುತ್ತದೆ, ಈ ಸಲ ಅವಳೇ ಕೇಳಿದ್ದಕ್ಕೆ. ಬೆಳಗಾವಿಯ ಹುಡುಗಿಗೂ ತಿಳಿಸಿದ್ದೇನೆ, ಕ್ಯಾಮೆರಾ ತರುತ್ತಾಳೆ.

ನಿನ್ನೆ ಅವ್ವ ಹನ್ನೆರಡನೇ ಪಟ್ಟೆ ಕತ್ತರಿಸಿದಳು. “ಉಡುಪಿ ಹುಡಿಗೀದೂ ಹೊಲೀಲೇನ?” ಎಂದಳು. ಕತ್ತರಿಸಿ ಇಟ್ಟಿರು, ಹೊಲಿಯಬೇಡ ಎಂದೆ. ಸೂಜಿಗೆ ದಾರ ಪೋಣಿಸಿ ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ, ಜೊತೆಗೆ ಒಂದು ಬಾಟಲಿ ನೀರು.

ನೀನು ಪಾಸು ತೋರಿಸುವ ಗೇಟಿನ ಎದುರು, ರಸ್ತೆಯ ಈಚೆ ಕಟ್ಟೆಯ ಮೇಲೆ ಕೂತಿರುತ್ತೇವೆ. ಪಾಸು ತೋರಿಸಿದರೆ ಬಾಗಿಲು ತೆರೆಯುತ್ತದೆ, ಹೋಗಬಹುದು, ಕೂಗಿ ಕರೆಯುವುದಿಲ್ಲ. ತಿರುಗಿ ಬಂದರೆ ಕಟ್ಟೆಯ ಮೇಲೆ ಜಾಗವಿದೆ. ಆದರೆ ಅಲ್ಲಿ ಕೂತವರ ದೋಣಿ ಹೋಗುತ್ತದೆ, ಅದು ನೀನೇ ಕಟ್ಟಿದ ಕೋಣೆ, ನಿನಗೆ ಹೇಳಬೇಕಿಲ್ಲ.

ಮಹಾಪೆ. ಮಂಗಳವಾರ, ಡಿಸೆಂಬರ್ ಎರಡು. ಬೆಳಿಗ್ಗೆ ಎಂಟೂವರೆ.

ಕಾಂಚನಾ